ಮೊದಲು ಚುಚ್ಚಿಸಿಕೊಂಡವಳು

ಆಗಸ್ಟ್ 25, ಭಾನುವಾರ
ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಫೋನಿನಲ್ಲೇ ಕೇಳೋಣವೆಂದರೆ ತಿಂಗಳಿಗೆ ಒಂದೇ ಕರೆ, ಅದೂ ವಾರ್ಡನ್ ಎದುರಿಗೆ ಕೂತು ನಮ್ಮ ಬಾಯನ್ನೇ ನೋಡುತ್ತಿರುವಾಗ. ಅದಕ್ಕೇ ಈ ಪತ್ರ. ಅಂಟಿಸಿ ಡಬ್ಬಿಗೆ ಹಾಕಿದ ಮೇಲೆ ಇಲ್ಲಿ ಯಾರೂ ಬಿಚ್ಚುವುದಿಲ್ಲ, ಅಷ್ಟು ಪುಣ್ಯ. ಹೊಸ ಗಣಿತದ ಮೇಷ್ಟ್ರು ಬೋರ್ಡಿನ ಜೊತೆಗೇ ಮಾತಾಡುತ್ತಾರೆ, ನಮ್ಮ ಕಡೆ ತಿರುಗುವುದೇ ಇಲ್ಲ. ಇದು ಇಲ್ಲಿಯ ಸಮಾಚಾರ.

ನನ್ನ ಪಕ್ಕದ ಮಂಚದ ಜಡೆ ಇದ್ದಾಳಲ್ಲ, ಸೊಂಟ ದಾಟುವಷ್ಟು ಕೂದಲಿರುವವಳು, ಅವಳನ್ನು ಮೊನ್ನೆ ಮನೆಗೆ ಕಳಿಸಿದರು. ಒಂದು ವಾರದಿಂದ ಊಟ ಸೇರುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಯಲ್ಲಿ ನೋಡುತ್ತೇನೆ, ಅವಳ ಕಣ್ಣಿನ ಬಿಳಿಯೆಲ್ಲ ಹಳದಿ. ಕಾಮಾಲೆಯಂತೆ.

ನಿನ್ನದು ರಕ್ತ ಪರೀಕ್ಷೆಯ ಲ್ಯಾಬ್ ಅಲ್ಲವಾ, ಒಂದು ವಿಷಯ ಹೇಳು. ವಿಜ್ಞಾನದ ಪ್ರಾಜೆಕ್ಟಿಗೆ ಬೇಕು. ಮೈಯೊಳಗೆ ಏನಾದರೂ ಸೇರಿಕೊಂಡರೆ ಅದು ರಕ್ತದಲ್ಲಿ ಗೊತ್ತಾಗಲು ಎಷ್ಟು ವಾರ ಬೇಕು? ಹತ್ತು ವಾರ ಆಗಿದ್ದರೆ ಗೊತ್ತಾಗುತ್ತದಾ? ಹದಿನಾರು ವರ್ಷದವರು ಪರೀಕ್ಷೆ ಮಾಡಿಸಿಕೊಂಡರೆ ಮನೆಗೆ ಹೇಳಲೇಬೇಕಾ? ಈ ಪ್ರಾಜೆಕ್ಟಿನ ಸುದ್ದಿ ಅಮ್ಮನ ಕಿವಿಗೆ ಹಾಕಬೇಡ, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾಳೆ.

ಬೇಗ ಬರೆ.

ನಿನ್ನ ಮರಿ


ಆಗಸ್ಟ್ 29, ಗುರುವಾರ

ಮರಿ,

ಪ್ರಾಜೆಕ್ಟ್ ಅಂತೆ! ಕೈ ತಾಗಿ ಗಾಜಿನ ಜಗ್ಗು ಒಡೆದಾಗ ‘ಅದೇ ಬಿತ್ತು’ ಅಂದವಳು ನೀನು. ನಿನ್ನ ಸುಳ್ಳಿನ ಗುರುತು ನನಗೆ ಗೊತ್ತಿಲ್ಲವೇ?

ಹತ್ತು ವಾರ. ಹದಿನಾರು ವರ್ಷ. ಅಮ್ಮನಿಗೆ ಹೇಳಬೇಡ. ಇದನ್ನು ಓದಿ ಸ್ಯಾಂಪಲ್ಲಿನ ಟ್ರೇ ಹಿಡಿದುಕೊಂಡು ನಿಂತಲ್ಲೇ ನಿಂತುಬಿಟ್ಟೆ. ಜೊತೆಯವಳು ಬಂದು ಟ್ರೇ ಇಸಿದುಕೊಂಡು ನನ್ನನ್ನು ಕೂರಿಸಿದಳು.

ಯಾರು ಅವನು? ನಿಮ್ಮ ಕಾಲೇಜಿನವನಾ? ಮುಟ್ಟು ನಿಂತು ಎಷ್ಟು ದಿನವಾಯಿತು? ಬೆಳಿಗ್ಗೆ ವಾಂತಿ ಬರುತ್ತದಾ? ನಾನು ಬೈಯುವುದಿಲ್ಲ, ಬೈಯುವ ಹೊತ್ತು ಇದಲ್ಲ. ಯಾರೋ ಕೊಟ್ಟ ಮಾತ್ರೆ ಮಾತ್ರ ನುಂಗಬೇಡ. ಎಲ್ಲಿಗೂ ಒಬ್ಬಳೇ ಹೋಗಬೇಡ. ಇದ್ದದ್ದು ಇದ್ದ ಹಾಗೆ ಬರೆ. ನಾನಿದ್ದೇನೆ.

ಅಕ್ಕ


ಸೆಪ್ಟೆಂಬರ್ 2, ಸೋಮವಾರ

ಅಕ್ಕ, ಛೀ!

ನಿನ್ನ ಪತ್ರವನ್ನು ಬಚ್ಚಲುಮನೆಯಲ್ಲಿ ಕೂತು ಓದಿದೆ. ಮೊದಲು ನಗು ಬಂತು. ಆಮೇಲೆ ಎಷ್ಟು ಅಳು ಬಂತೆಂದರೆ ನಲ್ಲಿ ಬಿಟ್ಟುಕೊಂಡು ಕೂತೆ. ಅವನೂ ಇಲ್ಲ, ಇವನೂ ಇಲ್ಲ. ಅದಕ್ಕಿಂತ ದಡ್ಡ ಕೆಲಸ ಮಾಡಿದ್ದೇನೆ.

ಜೂನ್ ಹದಿನಾರು, ಭಾನುವಾರ ಮಧ್ಯಾಹ್ನ. ಮೇಲಿನ ಮಹಡಿಯಲ್ಲಿ ಬಟ್ಟೆ ಒಣಗಿಸುವ ಕೋಣೆ ಇದೆ. ಅಲ್ಲಿ ನಾನು, ಜಡೆ, ಮತ್ತೆ ಕನ್ನಡಕ, ಅಂದರೆ ನಮ್ಮ ಕೋಣೆಯ ಮೂರನೆಯವಳು, ಟ್ಯಾಟೂ ಹಾಕಿಕೊಂಡೆವು. ಕಸೂತಿ ಸೂಜಿಯನ್ನು ಪೆನ್ಸಿಲಿಗೆ ದಾರ ಸುತ್ತಿ ಕಟ್ಟಿದ್ದೆವು. ಶಾಯಿ ಚಿತ್ರಕಲೆ ತರಗತಿಯದು. ಕನ್ನಡಕಳ ಕೈ ನಡುಗುವುದಿಲ್ಲ, ಅವಳೇ ಚುಚ್ಚಿದಳು. ಕಾಲಿನ ಗಂಟಿನ ಮೇಲೆ, ಸಾಕ್ಸಿನಲ್ಲಿ ಮುಚ್ಚಿಹೋಗುವ ಜಾಗದಲ್ಲಿ, ಉಗುರಿನಷ್ಟೇ ಒಂದು ಗಾಳಿಪಟ. ಮೊದಲು ನನಗೆ, ಆಮೇಲೆ ಜಡೆಗೆ. ಕನ್ನಡಕಳಿಗೆ ಟ್ಯಾಟೂ ಬೇಡವಂತೆ, ಕಿವಿಯ ಮೇಲ್ತುದಿಯಲ್ಲಿ ತೂತು ಬೇಕಂತೆ. ಅದನ್ನು ಜಡೆ ಚುಚ್ಚಿದಳು. ಎಲ್ಲದಕ್ಕೂ ಅದೇ ಸೂಜಿ. ನಡುನಡುವೆ ಕರ್ಚೀಫಿನಿಂದ ಒರೆಸಿದ್ದು ಬಿಟ್ಟರೆ ಇನ್ನೇನೂ ಮಾಡಲಿಲ್ಲ.

ಯಾರಿಗೂ ಹೇಳುವುದಿಲ್ಲವೆಂದು ಮೂವರೂ ಆಣೆ ಮಾಡಿದ್ದೇವೆ. ಗೊತ್ತಾದರೆ ಕಾಲೇಜಿನಿಂದ ಹೊರಗೆ.

ಜಡೆ ಮನೆಗೆ ಹೋದ ಮೇಲೆ ಕನ್ನಡಕಳಿಗೆ ಚೀಟಿ ಕಳಿಸಿದ್ದಳು. ಅವಳದು ನೀರಿನಿಂದ ಬಂದ ಕಾಮಾಲೆ ಅಲ್ಲವಂತೆ, ರಕ್ತದಿಂದ ಬರುವುದಂತೆ. ‘ಎಲ್ಲಾದ್ರೂ ಸೂಜಿ ಚುಚ್ಚಿಸ್ಕೊಂಡ್ಯಾ’ ಎಂದು ಡಾಕ್ಟರು ಕೇಳಿದರಂತೆ. ಅವಳು ಇಲ್ಲ ಅಂದಳಂತೆ. ಆಣೆ ಉಳಿಸಿದ್ದಾಳೆ ಅಕ್ಕ, ಹಾಸಿಗೆ ಹಿಡಿದರೂ.

ನಾನು ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹೋಗಿ ಕಣ್ಣು ನೋಡಿಕೊಳ್ಳುತ್ತೇನೆ. ಇವತ್ತು ಬಿಳಿ ಇದೆ. ನಾಳೆ?

ನಿನ್ನ ಮರಿ


ಸೆಪ್ಟೆಂಬರ್ 6, ಶುಕ್ರವಾರ

ಮರಿ,

ಮೂರು ಸಲ ಓದಿದೆ. ಒಂದೇ ಮಾತು ಕೇಳುತ್ತೇನೆ, ಸರಿಯಾಗಿ ಜ್ಞಾಪಿಸಿಕೊಂಡು ಬರೆ. ನೀನೇ ಮೊದಲಾ? ಜಡೆ ನಿನ್ನ ನಂತರವಾ? ಖಂಡಿತಾ?

ಹದಿನೈದಕ್ಕೆ ಭಾನುವಾರ ಬರುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ವಾರ್ಡನ್‌ಗೆ ಹೇಳಿ ಪಾಸ್ ತೆಗೆಯುತ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ. ಅಮ್ಮನ ಹತ್ತಿರ ಅಂತೂ ಬೇಡವೇ ಬೇಡ.

ಅಕ್ಕ


ಸೆಪ್ಟೆಂಬರ್ 9, ಸೋಮವಾರ

ಅಕ್ಕ,

ಹೌದು, ನಾನೇ ಮೊದಲು! ಸೂಜಿಯನ್ನು ಹೊಸ ಪ್ಯಾಕೆಟ್ಟಿನಿಂದ ತೆಗೆದದ್ದು ನನ್ನ ಕಣ್ಣೆದುರಿಗೇ. ನೀನು ಯಾಕೆ ಕೇಳಿದೆ ಎಂದು ಮೊದಲು ಹೊಳೆಯಲಿಲ್ಲ. ಪಾಠ ನಡೆಯುತ್ತಿದ್ದಾಗ ಥಟ್ಟನೆ ಅರ್ಥವಾಯಿತು. ಮೊದಲನೆಯವಳಿಗೆ ಚುಚ್ಚುವಾಗ ಸೂಜಿಯಲ್ಲಿ ಯಾರ ರಕ್ತವೂ ಇರಲಿಲ್ಲ. ನನಗೇನೂ ಆಗುವುದಿಲ್ಲ ಅಲ್ಲವಾ? ಅದನ್ನು ನೇರವಾಗಿ ಬರೆಯಬಾರದಿತ್ತಾ, ಮಾರಾಯ್ತಿ! ಒಂದು ವಾರದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಆದರೂ ಒಂದು ನಾಚಿಕೆಗೇಡಿನ ಕೆಲಸ ಮಾಡಿದ್ದೇನೆ, ನಿನಗೆ ಮಾತ್ರ ಹೇಳುತ್ತೇನೆ. ಜಡೆಯ ಬಾಚಣಿಗೆ ನನ್ನ ಡ್ರಾಯರಿನಲ್ಲಿತ್ತು, ಎಸೆದೆ. ಅವಳ ದಿಂಬನ್ನು ಕೋಲಿನಿಂದ ಎತ್ತಿ ಆ ಕಡೆ ಹಾಕಿದೆ. ನನ್ನ ಮಂಚವನ್ನು ಗೋಡೆಯವರೆಗೆ ಎಳೆದುಕೊಂಡಿದ್ದೇನೆ. ಇಷ್ಟೆಲ್ಲ ಅವಳಿಂದಲೇ ಬಂತು ಎಂದು ಒಳಗೊಳಗೇ ಸಿಟ್ಟು. ಅವಳಾದರೂ ಎಲ್ಲಿಂದ ತಂದಳೋ.

ಕನ್ನಡಕಳ ಕಿವಿಯ ತೂತು ಇನ್ನೂ ಮಾಗಿಲ್ಲ, ಒತ್ತಿದರೆ ಕೀವು. ಕೂದಲು ಇಳಿಬಿಟ್ಟು ಮುಚ್ಚಿಕೊಂಡು ಓಡಾಡುತ್ತಾಳೆ. ಅವಳದೇ ಚಿಂತೆ ಈಗ.

ಭಾನುವಾರ ಬೇಗ ಬಾ.

ಮರಿ


ಸೆಪ್ಟೆಂಬರ್ 28, ಶನಿವಾರ

ಅಕ್ಕ,

ನೀನು ಬಂದು ಹೋದ ಮೇಲೆ ಇದು ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ಉತ್ತರವಿಲ್ಲ. ಆಗಲೇ ಹದಿಮೂರು ದಿನವಾಯಿತು. ‘ಮೂರೇ ದಿನ, ರಿಪೋರ್ಟ್ ಬಂದ್ ತಕ್ಷಣ ಬರೀತೀನಿ’ ಎಂದು ಗೇಟಿನಲ್ಲಿ ಹೇಳಿದ್ದೆ.

ಅವತ್ತು ಕ್ಲಿನಿಕ್ಕಿನಲ್ಲಿ ನನ್ನ ರಕ್ತ ತೆಗೆಯುವಾಗ ನೀನು ಕೈಗೆ ಒಂದರ ಮೇಲೊಂದು ಎರಡು ಗ್ಲೌಸ್ ಹಾಕಿಕೊಂಡೆ. ನಾನು ಕೇಳಲಿಲ್ಲ, ಆದರೆ ನೋಡಿದೆ. ಸೂಜಿ ಎರಡು ಸಲ ನರ ತಪ್ಪಿತು. ದಿನಾ ಇದೇ ಕೆಲಸ ಮಾಡುವವಳಿಗೆ ನರ ಯಾಕೆ ತಪ್ಪಬೇಕು? ನಿನ್ನೆ ಫೋನ್ ಸರದಿ ಬಂದಾಗ ಅಮ್ಮನನ್ನು ಕೇಳಿದೆ. ‘ಅವ್ಳಿಗೆ ಕೆಲ್ಸ ಜಾಸ್ತಿ ಕಣೇ’ ಅಂದಳು. ಅಮ್ಮನ ದನಿಯೂ ಸರಿ ಇಲ್ಲವೇನೋ ಅನಿಸಿತು.

ಚೆನ್ನಾಗಿದ್ದರೆ ‘ಚೆನ್ನಾಗಿದೆ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಅಂದರೆ ಚೆನ್ನಾಗಿಲ್ಲ. ನಾನು ಸಾಯುತ್ತೇನಾ? ಸಾಯುವುದಾದರೂ ಹೇಳು. ಹೇಳದೆ ಇರಬೇಡ.

ಮರಿ


ಅಕ್ಟೋಬರ್ 3, ಗುರುವಾರ

ನನ್ನ ಮರಿ,

ನೀನು ಸಾಯುವುದಿಲ್ಲ. ಅದನ್ನು ಮೊದಲು ಓದಿಕೋ, ಆಮೇಲೆ ಉಳಿದದ್ದು.

ರಿಪೋರ್ಟ್ ಹದಿನೆಂಟಕ್ಕೇ ಬಂತು. ನಂಬದೆ ಇನ್ನೊಂದು ಸಲ ಮಾಡಿದೆ. ಬೇರೆ ಲ್ಯಾಬಿಗೂ ಕಳಿಸಿದೆ. ನಿನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಆದರೆ ಅದು ಹೊಸದಲ್ಲ. ಈಚೆಗೆ ಹತ್ತಿದ್ದರೆ ಕಾಣಬೇಕಾದ ಗುರುತು ನಿನ್ನಲ್ಲಿ ಇಲ್ಲ. ಹುಟ್ಟುವಾಗಲೇ ಬಂದದ್ದು, ಹದಿನಾರು ವರ್ಷದಿಂದ ಸದ್ದಿಲ್ಲದೆ ಇದೆ. ಜೂನಿನಲ್ಲಿ ಆ ಸೂಜಿ ನಿನ್ನನ್ನು ಚುಚ್ಚಿ ಆಮೇಲೆ ಜಡೆಯನ್ನು ಚುಚ್ಚಿತು. ಇದಕ್ಕಿಂತ ಬಿಡಿಸಿ ಬರೆಯಲು ನನ್ನಿಂದಾಗುವುದಿಲ್ಲ.

ಇನ್ನೊಂದು ಇದೆ. ಇದನ್ನು ಬರೆಯಲಾಗದೆಯೇ ಎರಡು ವಾರ ಸುಮ್ಮನಿದ್ದೆ.

ಮೂರು ವರ್ಷದ ಹಿಂದೆ ನಾನು ಲ್ಯಾಬಿಗೆ ಸೇರಿದಾಗ ನನ್ನ ರಕ್ತ ನೋಡಿ ಲಸಿಕೆ ಹಾಕಿದರು. ನನಗೇನೂ ಇರಲಿಲ್ಲ. ಅಮ್ಮನದೂ ನೋಡೋಣವೆಂದು ಪರೀಕ್ಷೆ ಮಾಡಿದೆ. ಅವಳಲ್ಲಿ ಇತ್ತು. ನಾನು ಹುಟ್ಟಿದ ಮೇಲೆ ಅವಳಿಗೆ ಆಪರೇಷನ್ ಆಗಿ ರಕ್ತ ಹಾಕಿದ್ದರು, ಬಹುಶಃ ಅಲ್ಲಿಂದ. ಅಮ್ಮ ನನ್ನ ಕೈ ಹಿಡಿದುಕೊಂಡು, ‘ಕ್ಯಾಂಟೀನಲ್ಲಿ ಗೊತ್ತಾದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ನನ್ನ ಕೈ ಅಡುಗೆ ಯಾರು ಉಣ್ತಾರೆ?’ ಅಂದಳು. ಅಡುಗೆಯಿಂದ ಇದು ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮರಿಯದನ್ನಾದರೂ ನೋಡೋಣ ಅಂದೆ. ‘ಅವ್ಳು ಗುಂಡುಕಲ್ಲಿನ ಹಾಗಿದಾಳೆ, ಅವ್ಳಿಗ್ಯಾಕೆ ಈಗ್ಲೇ ಹಣೆಪಟ್ಟಿ’ ಅಂದಳು. ನಾನು ಒಂದು ಸಲ ವಾದಿಸಿದೆ. ಎರಡನೆಯ ಸಲ ಸುಮ್ಮನಾದೆ. ಸುಮ್ಮನಿರುವುದು ಸುಲಭವಾಗಿತ್ತು.

ದಿನಕ್ಕೆ ನೂರು ಜನರ ರಕ್ತ ನೋಡುತ್ತೇನೆ, ನಿನ್ನದು ನೋಡಲಿಲ್ಲ.

ನಿನ್ನ ಲಿವರ್ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ, ಪಕ್ಕದಲ್ಲಿ ಮಲಗಿದರೆ ಯಾರಿಗೂ ಹತ್ತುವುದಿಲ್ಲ. ಜಡೆಯ ವಯಸ್ಸಿನವರಿಗೆ ಬಂದರೆ ಬಹಳಷ್ಟು ಜನರಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ. ಕನ್ನಡಕಳಿಗೆ ಮಾತ್ರ ತಡಮಾಡದೆ ಪರೀಕ್ಷೆ ಆಗಬೇಕು. ವಾರ್ಡನ್‌ಗೆ ನಾನೇ ಬರೆಯುತ್ತೇನೆ, ನೀನು ಹೂಂ ಅನ್ನು.

ಗ್ಲೌಸ್ ಎರಡು ಹಾಕಿಕೊಂಡಿದ್ದೆ, ನಿಜ. ‘ನಾನೇ ಮೊದಲು’ ಎಂದು ನೀನು ಬರೆದಾಗಲೇ ಗೊತ್ತಾಗಿಬಿಟ್ಟಿತ್ತು ನನಗೆ.

ಅಕ್ಕ


ಅಕ್ಟೋಬರ್ 8, ಮಂಗಳವಾರ

ನಿನ್ನ ಪತ್ರ ಹರಿದು ಹಾಕಿದೆ. ಆಮೇಲೆ ಚೂರು ಆರಿಸಿ, ಜೋಡಿಸಿಕೊಂಡು, ಮತ್ತೆ ಓದಿದೆ.

ಜಡೆಯ ದಿಂಬನ್ನು ಕೋಲಿನಿಂದ ಎತ್ತಿದ್ದೆ ನಾನು. ಕೋಲಿನಿಂದ! ಇಷ್ಟು ದಿನ ನಾನು ಹೆದರಿದ್ದೆಲ್ಲ ನನ್ನೊಳಗೇ ಕೂತಿತ್ತು, ನಿಮಗಿಬ್ಬರಿಗೂ ಗೊತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ನಾನು ಆ ಸೂಜಿ ಮುಟ್ಟುತ್ತಿದ್ದೆನಾ?

ನೀನು ಯಾರಿಗೂ ಬರೆಯಬೇಕಾಗಿಲ್ಲ. ನಾನೇ ಹೇಳಿದೆ. ಮೊದಲು ಕನ್ನಡಕಳಿಗೆ. ಅವಳು ಕಿವಿ ಮುಚ್ಚಿಕೊಂಡು ಕೂತಳು, ಆಮೇಲೆ, ‘ಬಾ, ಇಬ್ರೂ ಹೋಗೋಣ’ ಅಂದಳು. ಇಬ್ಬರೂ ವಾರ್ಡನ್ ಕೋಣೆಗೆ ಹೋದೆವು. ಬಾಗಿಲು ತಟ್ಟುವ ಮೊದಲು ಎರಡು ಸಲ ವಾಪಸ್ ಬಂದೆವು.

ವಾರ್ಡನ್ ಹಾಜರಿ ಪುಸ್ತಕ ಬರೆಯುತ್ತಿದ್ದರು. ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ‘ಕಾಲು ತೋರ್ಸು’ ಅಂದರು. ಸಾಕ್ಸ್ ಇಳಿಸಿದೆ. ಅವರ ಕುರ್ಚಿ ಒಂದು ಗೇಣು ಹಿಂದೆ ಸರಿಯಿತು ಅಕ್ಕ. ಬೇಕೆಂದು ಮಾಡಿದ್ದಲ್ಲ, ತಾನಾಗಿಯೇ ಸರಿದದ್ದು. ಅದು ಅವರಿಗೂ ಗೊತ್ತಾಯಿತು. ಕೆಂಪಗಾಗಿ ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಎಳೆದುಕೊಂಡರು. ‘ಬೈಯೋದು ಬೇಕಾದಷ್ಟಿದೆ, ಆಮೇಲೆ ಬೈತೀನಿ. ಜಡೆ ಮನೆ ನಂಬರ್ ಎಲ್ಲಿ?’ ಎಂದು ಫೋನ್ ಎತ್ತಿಕೊಂಡರು.

ಪ್ರಿನ್ಸಿಪಾಲರು ನನ್ನನ್ನು ಮನೆಗೆ ಕಳಿಸಿ ಅನ್ನುತ್ತಿದ್ದಾರಂತೆ. ಇವತ್ತು ಊಟದ ಮೇಜಿನಲ್ಲಿ ನನ್ನ ಎರಡೂ ಪಕ್ಕ ಖಾಲಿ. ಕನ್ನಡಕ ಎದುರಿಗೆ ಕೂತಿದ್ದಳು, ಆದರೆ ತಲೆ ಎತ್ತಲಿಲ್ಲ. ಭಯ ಅಂದರೆ ಮೊದಲು ಕಣ್ಣು ಹಳದಿಯಾಗುವುದು ಎಂದುಕೊಂಡಿದ್ದೆ. ಈಗ ನೀರಿನ ಲೋಟ ಮುಟ್ಟಲು ಭಯ. ಯಾರು ನೋಡುತ್ತಾರೋ, ಯಾರು ಎದ್ದು ಹೋಗುತ್ತಾರೋ.


ಅಕ್ಟೋಬರ್ 17, ಗುರುವಾರ

ಮರಿ,

ನೀನು ನನಗೆ ಪ್ರೀತಿಯ ಅಕ್ಕ ಅಂತಲೂ ಬರೆಯಲಿಲ್ಲ, ಕೆಳಗೆ ಮರಿ ಅಂತಲೂ ಬರೆಯಲಿಲ್ಲ. ಸರಿಯಾಗಿಯೇ ಮಾಡಿದೆ.

ಸೋಮವಾರ ನಿಮ್ಮ ಪ್ರಿನ್ಸಿಪಾಲರನ್ನು ಕಂಡು ಬಂದೆ. ಡಾಕ್ಟರ ಪತ್ರ ಮುಂದಿಟ್ಟೆ. ಅವರು ಎರಡು ಸಲ ಓದಿ, ‘ಹುಡುಗಿ ಇರ್ಲಿ, ಹೊರಗೆ ಹೋಗೋ ಪಾಸ್ ಮಾತ್ರ ಈ ವರ್ಷ ಇಲ್ಲ’ ಅಂದರು. ನಿನ್ನನ್ನು ಕಾಣಬೇಕೆಂದು ವಾರ್ಡನ್ ಕರೆಸಿದರು, ನೀನು ಬರಲಿಲ್ಲ. ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಹೊರಟೆ.

ಕನ್ನಡಕಳ ರಿಪೋರ್ಟ್ ಬಂದಿದೆ. ಏನೂ ಇಲ್ಲ. ಅವಳಿಗೆ ಎಳೆಕೂಸಿದ್ದಾಗಲೇ ಲಸಿಕೆ ಆಗಿತ್ತು, ಅದು ಕಾಪಾಡಿದೆ. ಕಿವಿಗೆ ಔಷಧಿ ಕೊಟ್ಟಿದ್ದಾರೆ. ನಿನಗೂ ಹುಟ್ಟಿದ ದಿನವೇ ಅದನ್ನು ಹಾಕಿಸಬಹುದಿತ್ತು, ಆಗ ಯಾರೂ ಹೇಳಲಿಲ್ಲ, ಅಮ್ಮನಿಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿದ ಮೊದಲ ಮಾತು, ‘ನನ್ನಿಂದ ಬಂತು ಅಂತ ಅವ್ಳಿಗೆ ಗೊತ್ತಾಯ್ತಾ?’ ಆಮೇಲೆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಜಡೆಯ ಮನೆಗೆ ಹೋಗಬೇಕೆಂದು ನೀನು ಹಟ ಹಿಡಿದಿದ್ದೀಯ, ವಾರ್ಡನ್ನೇ ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದೆ. ಹೋಗು. ಆದರೆ ಒಂದು ಬೇಡಿಕೆ. ‘ನಮಗೂ ಈಗಲೇ ಗೊತ್ತಾದದ್ದು’ ಎಂದಷ್ಟೇ ಹೇಳು. ನಿನ್ನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಅಮ್ಮನ ಕೆಲಸ, ನನ್ನ ಕೆಲಸ, ಎಲ್ಲ ಅದರ ಮೇಲೆ ನಿಂತಿದೆ. ನನಗೆ ಭಯವಾಗುತ್ತಿದೆ ಮರಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಅಕ್ಕ


ನವೆಂಬರ್ 3, ಭಾನುವಾರ

ಅಕ್ಕ,

ಇವತ್ತು ಹೋಗಿ ಬಂದೆ. ವಾರ್ಡನ್ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, ‘ಒಳಗೆ ನೀನೊಬ್ಳೇ ಹೋಗು, ನಾನಿಲ್ಲೇ ಇರ್ತೀನಿ’ ಅಂದರು. ಮೂರನೆಯ ಮಹಡಿ. ಪ್ರತಿ ಮೆಟ್ಟಿಲಿನಲ್ಲೂ ವಾಪಸ್ ಹೋಗೋಣ ಅನಿಸಿತು.

ಬಾಗಿಲು ತೆಗೆದದ್ದು ಜಡೆಯ ಅಮ್ಮ. ನಾನು ಯಾರೆಂದು ಹೇಳಬೇಕಾಗಲಿಲ್ಲ. ಬಾ ಅನ್ನಲಿಲ್ಲ, ಪಕ್ಕಕ್ಕೆ ಸರಿದರು. ಜಡೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ಕಣ್ಣು ಬೆಳ್ಳಗಾಗಿದೆ. ಆದರೆ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದ್ದಾರೆ. ಬಾಚಿಕೊಳ್ಳಲೂ ಶಕ್ತಿ ಇರಲಿಲ್ಲವಂತೆ. ಅದನ್ನು ನೋಡಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

‘ವಾರ್ಡನ್ ಫೋನಲ್ಲಿ ಹೇಳಿದ್ರು’ ಅಂದಳು.

‘ನಾನು ಹೇಳ್ಬೇಕಿತ್ತು.’

‘ಹಾಗಾದ್ರೆ ಹೇಳು.’

‘ನನ್ನಿಂದ ನಿನಗೆ ಬಂತು’ ಅಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ.

ಅವಳು ಬಗ್ಗಿ ಕಾಲಿನ ಗಾಳಿಪಟವನ್ನು ಹೆಬ್ಬೆರಳಿನಿಂದ ಉಜ್ಜಿದಳು. ‘ಡಾಕ್ಟರ್ ಬಿಟ್ಟುಹೋಗುತ್ತೆ ಅಂದಿದಾರೆ. ಇನ್ನೊಂದ್ ಪರೀಕ್ಷೆ ಇದೆ. ಆದ್ರೂ ಮಲಗಿದ್ರೆ, ಏಳಲ್ವೇನೋ ಅಂತ ಭಯ ಆಗುತ್ತೆ’ ಅಂದಳು. ನಂತರ ತಲೆ ಎತ್ತಿ, ‘ನಿನಗೆ ಮೊದ್ಲೇ ಗೊತ್ತಿತ್ತಾ?’ ಎಂದು ಕೇಳಿದಳು.

‘ಇಲ್ಲ.’

‘ನಿಮ್ಮನೇಲಿ ಯಾರಿಗಾದ್ರೂ ಗೊತ್ತಿತ್ತಾ?’

ನೀನು ಬರೆದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಅಮ್ಮ ಬಾಗಿಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಿಡಿದು ನಿಂತಿದ್ದರು. ಡಾಕ್ಟರ ಎದುರಿಗೆ ನಮಗೋಸ್ಕರ ಇಲ್ಲ ಅಂದವಳು ಇವಳು. ಇವಳ ಎದುರಿಗೆ ನಾನು ಇಲ್ಲ ಅನ್ನಲಾರದೆ ಹೋದೆ.

‘ಗೊತ್ತಿತ್ತು’ ಅಂದೆ. ‘ಅಮ್ಮನಿಗೆ ತನ್ನಲ್ಲಿ ಇದೆ ಅಂತ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ನನ್ನದು ಯಾರೂ ನೋಡ್ಲಿಲ್ಲ.’

ಜಡೆಯ ಅಮ್ಮ ಬಟ್ಟೆಯನ್ನು ಮಂಚದ ಮೇಲೆ ಇಟ್ಟರು.

‘ನಿಮ್ಮಕ್ಕ ಏನ್ ಕೆಲ್ಸ ಮಾಡ್ತಾಳೆ?’

‘ರಕ್ತ ಪರೀಕ್ಷೆ.’

ಅವರು ನಕ್ಕರೋ ಅತ್ತರೋ ಗೊತ್ತಾಗಲಿಲ್ಲ, ಗಂಟಲಿನಲ್ಲಿ ಒಂದು ಸದ್ದು ಬಂತು. ಅಡುಗೆಮನೆಗೆ ಹೋದರು. ನಲ್ಲಿ ಹರಿಯುವ ಸದ್ದು ಬಹಳ ಹೊತ್ತು ಕೇಳಿತು. ಜಡೆ ತನ್ನ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. ಕೂತೆ. ಹತ್ತು ನಿಮಿಷವೋ ಅರ್ಧ ಗಂಟೆಯೋ.

ಹೊರಡುವಾಗ ಅವಳ ಅಮ್ಮ ಮೆಟ್ಟಿಲಿನವರೆಗೆ ಬಂದರು. ‘ನಿನ್ಮೇಲೆ ಸಿಟ್ಟು ಮಾಡ್ಕೊಂಡು ಏನ್ ಮಾಡ್ಲಿ, ನೀನೂ ಇವ್ಳಷ್ಟೇ ಇದೀಯ’ ಅಂದರು. ‘ನಿಮ್ಮಕ್ಕನಿಗೆ ಒಂದ್ಸಲ ಬರೋಕ್ ಹೇಳು. ನಾನು ಎಲ್ಲೂ ಹೋಗಿ ದೂರು ಕೊಡಲ್ಲ. ನನ್ ಎದುರಿಗೆ ಕೂತು ಹೇಳ್ಬೇಕು, ಅಷ್ಟೇ.’

ನೀನು ಕೇಳಿಕೊಂಡದ್ದನ್ನು ನಾನು ಮಾಡಲಿಲ್ಲ. ಅದರಿಂದ ಏನೇನಾಗುತ್ತದೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಭಯ, ಈಗಲೂ ಹೋಗಿಲ್ಲ. ಆದರೂ ನೀನು ಬರಬೇಕು ಅಕ್ಕ. ಅಮ್ಮನನ್ನೂ ಕೇಳು, ಬಂದರೆ ಬರಲಿ. ಪಾಸ್‌ಗೆ ನಾನು ಪ್ರಿನ್ಸಿಪಾಲರ ಕಾಲು ಹಿಡಿಯುತ್ತೇನೆ. ಮೂರನೆಯ ಮಹಡಿ, ಮೆಟ್ಟಿಲು ಕಡಿದಾಗಿದೆ. ನಾನು ಮುಂದೆ ಹತ್ತುತ್ತೇನೆ, ನೀನು ನನ್ನ ಹಿಂದೆ ಬಾ.

ನಿನ್ನ ಮರಿ